ದೀಪ ಶಾಂತ ಮಾಡುವುದು

ನಮ್ಮ ಮನೆಯಲ್ಲಿ ಹಿರಿಯರು ‘ದೀಪ ಆರಿಸು’ ಎನ್ನುತ್ತಿರಲಿಲ್ಲ. ‘ದೀಪ ಶಾಂತ ಮಾಡು’ ಎನ್ನುತ್ತಿದ್ದರು. ನನ್ನ ಹಳೆಯ ಕಾರಿನಲ್ಲಿ ಎಂಜಿನ್ನಿನ ಚಿತ್ರವುಳ್ಳ ಹಳದಿ ದೀಪ ಮೂರನೆಯ ಬಾರಿ ಹೊತ್ತಿಕೊಂಡಾಗ ಈ ಮಾತು ನೆನಪಾಯಿತು. ಅದನ್ನು ಶಾಂತ ಮಾಡುವುದು ಬಹಳ ಸುಲಭ. ಗ್ಯಾರೇಜಿನ ಹುಡುಗ ಸ್ಟಿಯರಿಂಗಿನ ಕೆಳಗೆ ಅಂಗೈಯಗಲದ ಸ್ಕ್ಯಾನರೊಂದನ್ನು ಸಿಕ್ಕಿಸಿ ಗುಂಡಿ ಒತ್ತುತ್ತಾನೆ, ದೀಪ ಹೋಗುತ್ತದೆ, ಮುನ್ನೂರು ರೂಪಾಯಿ ಕೊಟ್ಟು ನಾನು ನಿಶ್ಚಿಂತೆಯಿಂದ ಮನೆಗೆ ಬರುತ್ತೇನೆ.

ಆದರೆ ಅದು ಮತ್ತೆ ಬರುತ್ತಿತ್ತು. ಅದೂ ವಿಚಿತ್ರವಾದೊಂದು ನಿಯಮದಂತೆ. ಬೆಂಗಳೂರಿನೊಳಗೆ ವಾರಗಟ್ಟಲೆ ತಿರುಗಾಡಿದರೂ ಸುಳಿವಿಲ್ಲ. ಮೈಸೂರಿಗೆ ಹೋಗುವಾಗಲೂ ಇಲ್ಲ. ಮರುದಿನ ಹಿಂದಿರುಗುವಾಗ, ರಾಮನಗರ ಸಮೀಪಿಸುವಷ್ಟರಲ್ಲಿ ಹಾಜರು. ನಾನು ಮೈಸೂರಿನ ಪೆಟ್ರೋಲಿನ ಮೇಲೆ ಗುಮಾನಿಪಟ್ಟೆ. ನನ್ನ ಹೆಂಡತಿಯ ತವರು ಮೈಸೂರು. ಆಕೆ ಇದನ್ನು ಒಪ್ಪಲಿಲ್ಲ. ಆಕೆಯೇ ಸರಿ ಎಂದು ಆಮೇಲೆ ತಿಳಿಯಿತು.

ಮೂರನೆಯ ಬಾರಿ ಬಂದದ್ದು ಒಂದು ಗುರುವಾರ. ಭಾನುವಾರ ಕಾರನ್ನು ಕೊಳ್ಳಲು ಒಬ್ಬರು ಬರುವವರಿದ್ದರು. “ಅಳಿಸಿಬಿಡ್ತೀನಿ ಸಾರ್. ಅವರು ಊರೊಳಗೆ ತಾನೇ ಓಡಿಸಿ ನೋಡೋದು? ಏನೂ ಬರಲ್ಲ” ಎಂದ ಹುಡುಗ. ಅವನ ದನಿಯಲ್ಲಿ ಕೇಡಿರಲಿಲ್ಲ. ಉಪಕಾರ ಬುದ್ಧಿಯೇ ಇತ್ತು.

ಇದು ಸುಳ್ಳು ಹೇಳಿದಂತಾಗುತ್ತದೆಯೆ? ನಾನು ಬಾಯಿ ಬಿಟ್ಟು ಏನನ್ನೂ ಹೇಳುತ್ತಿಲ್ಲ. ಎರಡು ಸಲ ಇದೇ ದೀಪವನ್ನು ಅಳಿಸಿದಾಗ ನನಗೆ ಯಾವ ಅಳುಕೂ ಆಗಲಿಲ್ಲ. ಈಗ ಕೊಳ್ಳುವವನೊಬ್ಬ ಬರುತ್ತಾನೆಂದ ಕೂಡಲೇ ಅದೇ ಕೆಲಸ ಮೋಸವಾಯಿತೆ? ಹಾಗಾದರೆ ಮೊದಲೆರಡು ಸಲ ನಾನು ಯಾರಿಗೂ ಮೋಸ ಮಾಡಿರಲಿಲ್ಲವೆ?

ಈ ದೀಪದ ಹುಟ್ಟನ್ನು ಸ್ವಲ್ಪ ನೋಡಬೇಕು. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಇದರ ಈಗಿನ ವ್ಯವಸ್ಥೆ ಕಡ್ಡಾಯವಾಯಿತು; ನಮ್ಮಲ್ಲಿ 2013ರಿಂದ. ಕಾರಿನ ಒಡೆಯನ ಸುಖಕ್ಕಾಗಿ ಇದನ್ನು ತಂದದ್ದಲ್ಲ, ಗಾಳಿ ಕೆಡದಿರಲೆಂದು ತಂದದ್ದು. ಹೊಗೆ ಹೊರಬೀಳುವ ದಾರಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿಯಿದೆ. ಇಂಗಾಲದ ಮಾನಾಕ್ಸೈಡು, ಸುಡದೆ ಉಳಿದ ಇಂಧನ, ಸಾರಜನಕದ ಆಕ್ಸೈಡುಗಳು ಇವನ್ನೆಲ್ಲ ಅದು ಬಹುಮಟ್ಟಿಗೆ ನಿರಪಾಯ ಮಾಡಿ ಕಳಿಸುತ್ತದೆ. ಅದರ ಹಿಂದೆ ಮುಂದೆ ಆಮ್ಲಜನಕವನ್ನು ಅಳೆಯುವ ಸೆನ್ಸರುಗಳು. ಡಬ್ಬಿ ಸೋತಿದೆಯೆಂದು ತೋರಿದರೆ ‘ಪಿ 0420’ ಎಂಬ ಸಂಕೇತ ದಾಖಲಾಗುತ್ತದೆ. ನನ್ನ ಕಾರಿನದೂ ಅದೇ. ಡಬ್ಬಿ ಸೋತರೂ ಕಾರು ಎಂದಿನಂತೆ ಓಡಬಹುದು, ನನಗೇನೂ ತೊಂದರೆಯಿಲ್ಲ. ತೊಂದರೆ ಹಿಂದೆ ಸ್ಕೂಟರಿನಲ್ಲಿ ಬರುತ್ತಿರುವವನಿಗೆ, ಸಿಗ್ನಲಿನಲ್ಲಿ ಹೂ ಮಾರುವವಳಿಗೆ. ಅವರಿಗೆ ನನ್ನ ಮೀಟರು ಕಾಣಿಸದು. ಅವರ ಪರವಾಗಿ ಕಾನೂನು ನನ್ನ ಕಣ್ಣೆದುರಿಗೇ ಒಬ್ಬ ಸಾಕ್ಷಿಯನ್ನು ಕೂರಿಸಿತ್ತು. ಮುನ್ನೂರು ರೂಪಾಯಿಗೆ ಎರಡು ಸಲ ನಾನು ಅವನ ಬಾಯಿ ಮುಚ್ಚಿಸಿದ್ದೆ. ಭಾನುವಾರ ಬರುವವನು ಮೊದಲನೆಯ ವಂಚಿತನೇನೂ ಆಗುತ್ತಿರಲಿಲ್ಲ. ಮುಖವುಳ್ಳ ಮೊದಲಿಗನಾಗುತ್ತಿದ್ದ, ಅಷ್ಟೆ.

ಅಂದು ಅಳಿಸಲು ಬಿಡಲಿಲ್ಲ. ದೊಡ್ಡ ಗ್ಯಾರೇಜೊಂದಕ್ಕೆ ಹೋದೆ. ಅವರು ಸಂಕೇತವನ್ನು ಓದಿದೊಡನೆ ಡಬ್ಬಿಯನ್ನೇ ಬದಲಿಸಬೇಕೆಂದು ನಲವತ್ತು ಸಾವಿರದ ಲೆಕ್ಕ ಬರೆದುಕೊಟ್ಟರು. ಹುಡುಗನದು ಸಾಕ್ಷಿಯ ಬಾಯಿ ಮುಚ್ಚಿಸುವ ದಾರಿಯಾದರೆ, ಇವರದು ಸಾಕ್ಷಿ ಬಾಯಿ ಬಿಟ್ಟ ಕೂಡಲೇ ಆರೋಪಿಯನ್ನು ಗಲ್ಲಿಗೇರಿಸುವ ದಾರಿ. ವಿಚಾರಣೆಯ ಕಷ್ಟ ಇಬ್ಬರಿಗೂ ಬೇಡವಾಗಿತ್ತು. ನನಗೂ ಬೇಡವಾಗಿತ್ತೆಂಬುದನ್ನು ಮರೆಯಬಾರದು.

ಕಡೆಗೆ ಸಿಕ್ಕಿದವರು ಒಬ್ಬ ವಯಸ್ಸಾದ ಮೇಸ್ತ್ರಿ. ಅವರು ಸ್ಕ್ಯಾನರನ್ನು ಮುಟ್ಟುವ ಮೊದಲು, “ಯಾವಾಗ ಬರುತ್ತೆ ಸ್ವಾಮಿ?” ಎಂದು ಕೇಳಿದರು. ಮೈಸೂರಿನ ಕಥೆ ಹೇಳಿದೆ. ನಕ್ಕರು. ಎಂಜಿನ್ನು ಕಾದು, ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದರೇ ಈ ಪರೀಕ್ಷೆ ನಡೆಯುವುದಂತೆ. ನಮ್ಮೂರಿನ ರಸ್ತೆಗಳಲ್ಲಿ ಆ ಭಾಗ್ಯವೆಲ್ಲಿ? ಸಾಲದ್ದಕ್ಕೆ, ಒಂದು ಪ್ರಯಾಣದಲ್ಲಿ ಕಂಡ ದೋಷ ಮುಂದಿನದರಲ್ಲೂ ಕಂಡರೆ ಮಾತ್ರ ದೀಪ ಹೊತ್ತುವುದು. ಹೋಗುವಾಗ ಸಂಶಯ, ಬರುವಾಗ ತೀರ್ಪು! ಇನ್ನೊಂದು ಮಾತನ್ನೂ ಹೇಳಿದರು: ಅಳಿಸಿದ ಮೇಲೆ ಯಾವ ಯಾವ ಪರೀಕ್ಷೆ ಇನ್ನೂ ಮುಗಿದಿಲ್ಲ, ಎಷ್ಟು ದೂರ ಓಡಿದೆ ಎಂಬುದನ್ನು ಯಂತ್ರ ನೆನಪಿಟ್ಟುಕೊಳ್ಳುತ್ತದೆ. ಬಲ್ಲವನು ಓದಿದರೆ ಅಳಿಸಿದ್ದೇ ಗೊತ್ತಾಗುತ್ತದೆ. ಇದನ್ನು ಕೇಳಿ ನನಗೆ ಸಮಾಧಾನವೂ ಆಯಿತು, ಸ್ವಲ್ಪ ನಾಚಿಕೆಯೂ ಆಯಿತು. ಸಿಕ್ಕಿಬೀಳುವ ಭಯ ಸೇರಿಕೊಂಡ ಮೇಲೆ ನನ್ನ ಪ್ರಾಮಾಣಿಕತೆಯ ತೂಕವೆಷ್ಟು ಎಂದು ಹೇಗೆ ತಿಳಿಯುವುದು?

ಮೇಸ್ತ್ರಿ ಕಾರಿನಡಿ ಮಲಗಿ, ಹೊಗೆಕೊಳವೆಯ ಉದ್ದಕ್ಕೂ ಸಾಬೂನಿನ ನೀರು ಹಚ್ಚಿ, ಗಾಳಿ ಬಿಟ್ಟು ನೋಡಿದರು. ಹಿಂದಿನ ಸೆನ್ಸರಿಗೆ ತುಸು ಮುಂಚೆ, ಕೊಳವೆಯ ಕೂಡಿಕೆಯಲ್ಲಿ ಗುಳ್ಳೆಗಳೆದ್ದವು. ಗ್ಯಾಸ್ಕೆಟ್ಟು ಸೀಳಿತ್ತು. ಆ ಸೀಳಿನಿಂದ ಹೊರಗಿನ ಗಾಳಿ ಒಳನುಗ್ಗಿ ಸೆನ್ಸರಿನ ಲೆಕ್ಕ ಕೆಡಿಸುತ್ತಿತ್ತು, ಡಬ್ಬಿ ನಿರ್ದೋಷಿ. ಎಲ್ಲ ಸೇರಿ ಖರ್ಚು ಒಂಬೈನೂರು ರೂಪಾಯಿ. ಶನಿವಾರ ಮೈಸೂರಿಗೆ ಹೋಗಿ, ಸಂಜೆ ಹಿಂದಿರುಗಿದೆ. ರಾಮನಗರ ದಾಟಿತು, ಬಿಡದಿ ದಾಟಿತು, ದೀಪ ಬರಲಿಲ್ಲ.

ಭಾನುವಾರ ಬಂದವರಿಗೆ ಇದಿಷ್ಟನ್ನೂ ಹೇಳಿದೆ. ಹೇಳಬೇಕಾಗಿತ್ತೇ ಎಂದು ಹೆಂಡತಿಯ ಕಣ್ಣು ಕೇಳುತ್ತಿತ್ತು. ಅವರು ಶ್ರದ್ಧೆಯಿಂದ ಕೇಳಿಸಿಕೊಂಡು, “ಅದಕ್ಕೇನು ಬಿಡಿ ಸಾರ್, ಮತ್ತೆ ಬಂದರೆ ನಮ್ಮ ಹುಡುಗ ಅಳಿಸಿಕೊಡ್ತಾನೆ” ಎಂದು ಹೇಳಿ, ಬೆಲೆಯಲ್ಲಿ ಎಂಟು ಸಾವಿರ ಇಳಿಸಿಕೊಂಡರು.