ಮಾತಿಲ್ಲದ ನಾದದಲ್ಲಿ ಭಕ್ತಿ

ಭಕ್ತಿ ಇರುವುದು ಸಾಹಿತ್ಯದಲ್ಲೋ ನಾದದಲ್ಲೋ ಎಂಬ ಜಿಜ್ಞಾಸೆ ಹಳೆಯದು. 13ನೆಯ ಶತಮಾನದ ‘ಸಂಗೀತರತ್ನಾಕರ’ದಲ್ಲಿ ಶಾರ್ಙ್ಗದೇವ ನಾದವನ್ನೇ ಬ್ರಹ್ಮವೆಂದು ಉಪಾಸಿಸುತ್ತಾನೆ, ಹರಿದಾಸರಿಗೆ ನಾಮವೇ ಮುಖ್ಯ. ಅಮೆರಿಕದ ಆಧ್ಯಾತ್ಮಿಕ ಜಾಝ್ ಇದಕ್ಕೆ ತನ್ನದೇ ಉತ್ತರ ಕಂಡುಕೊಂಡಿತು. 1964ರ ಡಿಸೆಂಬರ್‌ನಲ್ಲಿ ಧ್ವನಿಮುದ್ರಣಗೊಂಡ ‘ಎ ಲವ್ ಸುಪ್ರೀಮ್’ನ ಕೊನೆಯ ಭಾಗದಲ್ಲಿ ಜಾನ್ ಕೋಲ್ಟ್ರೇನ್ ತಾನೇ ಬರೆದ ಪ್ರಾರ್ಥನೆಯನ್ನು ಹಾಡುವುದಿಲ್ಲ, ಅಕ್ಷರ ಅಕ್ಷರವಾಗಿ ಸ್ಯಾಕ್ಸೊಫೋನಿನಲ್ಲಿ ಊದುತ್ತಾನೆ.

ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳಲ್ಲಿ ಕೂತವರಿಗೆ ಇದು ತೀರಾ ಅಪರಿಚಿತವಲ್ಲ. ವೀಣೆಯ ಮೀಟು ಸಾಹಿತ್ಯದ ಅಕ್ಷರಕ್ಕೆ ಸರಿಯಾಗಿ ಬೀಳುತ್ತದೆ. ಕೃತಿ ಬಲ್ಲವರ ತುಟಿ ತಾನಾಗಿ ಆಡುತ್ತದೆ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದ ಕದ್ರಿ ಗೋಪಾಲನಾಥ್ ಅದಕ್ಕೆ ಗಮಕ ಒಲಿಸಿಕೊಂಡದ್ದೂ ಹಾಡುಗಾರಿಕೆಯ ದಾರಿಯಲ್ಲೇ. ಇಲ್ಲೆಲ್ಲ ಮಾತು ಕೇಳಿಸದಿದ್ದರೂ ಹಿಂದೆ ನಿಂತಿರುತ್ತದೆ.

ತಾಳದ ಸೊಲ್ಲುಗಳನ್ನು ಬಾಯಲ್ಲೇ ನುಡಿಯುವ ಕೊನ್ನಕ್ಕೋಲಿನದು ಇನ್ನೂ ಬಿಗಿಯಾದ ತೊಡಕು. ‘ತಕಿಟ ತಕಧಿಮಿ’ಯಲ್ಲಿ ಮೂರು, ನಾಲ್ಕು ಸೇರಿ ಏಳು ಅಕ್ಷರವಾಗುತ್ತದೆ, ನಾಲಿಗೆ ನುಡಿಯುತ್ತದೆ, ಅರ್ಥ ಮಾತ್ರ ಇಲ್ಲ. ತಾಳವಾದ್ಯಗಳ ತನಿ ಆವರ್ತನ ಶುರುವಾದೊಡನೆ ಕ್ಯಾಂಟೀನಿನತ್ತ ಎದ್ದು ಹೋಗುವ ರಸಿಕರ ಮಟ್ಟಿಗೆ ಅಲ್ಲಿ ದೇವರೂ ಇಲ್ಲ. ಟಿ.ಎ.ಎಸ್. ಮಣಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಸ್ಥಾಪಿಸಿದ್ದು ಅದೇ 1964ರಲ್ಲಿ. ನಾಗಸ್ವರ ಕಲಿತಿದ್ದ ಅಮೆರಿಕನ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಈ ಬಳಗದೊಡನೆ 1983ರಲ್ಲಿ ‘ಜ್ಯೋತಿ’ ಮಾಡಿದ. ಆರ್.ಎ. ರಮಾಮಣಿಯವರ ಒಂಟಿ ಕಂಠದಿಂದ ತೆರೆಯುವ ಈ ಆಲ್ಬಂನಲ್ಲಿ ‘ವಂದನಂ’, ‘ಭಜನ್’ ಎಂಬ ರಚನೆಗಳಿವೆ. ಶೀರ್ಷಿಕೆಗಳನ್ನು ತೆಗೆದರೂ ಭಕ್ತಿಭಾವ ಉಳಿಯುತ್ತದೆ, ಏಕೆಂದರೆ ಅದು ಶ್ರುತಿ ಲಯಗಳ ಶಿಸ್ತಿನಲ್ಲೇ ಸೇರಿಹೋಗಿದೆ. ಆಲಿಸ್ ಕೋಲ್ಟ್ರೇನ್ ತನ್ನ ಗುರುವಿನ ಹೆಸರಿಟ್ಟ ‘ಜರ್ನಿ ಇನ್ ಸಚ್ಚಿದಾನಂದ’ದಲ್ಲಿ (1971) ತಂಬೂರಿಯ ಆವರಣವಿದೆ, ತಾಳದ ಈ ಕಟ್ಟುಪಾಡಿಲ್ಲ. ಆಕೆಯ ಶ್ರದ್ಧೆಯಂತೂ ಪ್ರಶ್ನಾತೀತ. ಮುಂದೆ ಆಶ್ರಮ ಕಟ್ಟಿ ಭಜನೆಗಳನ್ನೇ ನುಡಿಸಿದಳು.

ಮುಂದಿನ ತಲೆಮಾರಿಗೆ ನಾದ ದಾಟಿಬಂದಷ್ಟು ಸಲೀಸಾಗಿ ನಂಬಿಕೆ ಬರಲೇಬೇಕೆಂದಿಲ್ಲ. ಕರ್ನಾಟಕ ಮೂಲದ ಕುಟುಂಬದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಂತಪ್ಪ 2008ರ ‘ಕಿನ್ಸ್‌ಮೆನ್’ನಲ್ಲಿ ಗೋಪಾಲನಾಥರ ಜೊತೆ ನುಡಿಸಿದರು. ಇಬ್ಬರದೂ ಆಲ್ಟೊ ಸ್ಯಾಕ್ಸೊಫೋನ್. ಒಬ್ಬರ ಬೆನ್ನಿಗೆ ತ್ಯಾಗರಾಜರ ಕೀರ್ತನೆಗಳು, ಇನ್ನೊಬ್ಬರ ಬೆನ್ನಿಗೆ ಚಾರ್ಲಿ ಪಾರ್ಕರ್. ಅಲ್ಲಿ ಒಂದು ರಾಗ ಒಬ್ಬರಿಗೆ ಪೂಜೆಯಾಗಿ, ಮತ್ತೊಬ್ಬರಿಗೆ ಬರೀ ಸಂಗೀತವಾಗಿ ಇರಲು ಯಾವ ಅಡ್ಡಿಯೂ ಇಲ್ಲ.