ಅಗೆಯುವವರ ಋಣ

ಆತಗೂರಿನಲ್ಲಿ ನಾವು ಹಿಮವೆನ್ನುವುದು ಮಾಗಿಯಲ್ಲಿ ಕಬ್ಬಿನ ಗದ್ದೆಯ ಮೇಲೆ ಕೂರುವ ಮಂಜನ್ನೇ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಸೈನಿಕರು ಹೂತುಹೋದರು. ಹಿಮದಡಿ ಸಿಕ್ಕವನು ಅರ್ಧ ಗಂಟೆ ಕಳೆದರೆ ಉಳಿಯುವುದು ಕಷ್ಟ; ಉಸಿರುಗಟ್ಟುತ್ತದೆ. ಆದರೂ ಜೊತೆಗಾರರು ದಿನಗಟ್ಟಲೆ ಅಗೆದರು. ಸತ್ತಿರಬಹುದಾದವರಿಗಾಗಿ ಬದುಕಿರುವವರನ್ನು ಅಪಾಯಕ್ಕೊಡ್ಡುವುದು ಸರಿಯೆ?

ಚಾರಣಿಗನಾದರೆ ಹಿಮದ ಪದರ ಸಡಿಲವೆಂದು ಕಂಡಾಗ ಹಿಂತಿರುಗಬಹುದು. ಠಾಣೆಯವನು ತಿರುಗುವಂತಿಲ್ಲ, ಅವನನ್ನು ಅಲ್ಲಿ ನಿಲ್ಲಿಸಿದವರು ನಾವು. ಹುಡುಕಲೇಬೇಕು ಅನ್ನುತ್ತೇನೆ. ಆದರೆ ಅಗೆಯುವವನೂ ಆಜ್ಞೆಗೆ ಕಟ್ಟುಬಿದ್ದವನೇ ಅಲ್ಲವೆ? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಆರನೆಯ ದಿನ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು. 11ರಂದು ದೆಹಲಿಯಲ್ಲಿ ತೀರಿಕೊಂಡರು. ಉಳಿದ ಒಂಬತ್ತು ಮಂದಿಯ ದೇಹಗಳನ್ನೂ ಅಗೆದು ತೆಗೆದರು. ಒಂದನ್ನೂ ಹಿಮದಲ್ಲಿ ಬಿಟ್ಟು ಬರಲಿಲ್ಲ.