ದಿನದ ಚಿಂತನೆ: ಬಣ್ಣ ಹಾಕುವ ಮೊದಲು ತೊಳೆಯಬೇಕು





ಇವತ್ತಿನ ಚಿಂತನೆ ಒಂದು ಕಂಪ್ಯೂಟರಿನಿಂದ ಶುರುವಾಗುತ್ತದೆ. ಹಿರಿಯರು "ಇದು ಮಕ್ಕಳ ವಿಷಯ" ಎಂದು ಬಿಟ್ಟುಬಿಡಬೇಡಿ. ಕೊನೆಗೆ ಇದು ನನ್ನಂಥ ಹಿರಿಯರ ತಲೆಗೇ ಬರುತ್ತದೆ.

ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ರಾತ್ರಿ ಹೊತ್ತು ವಿಡಿಯೊ ಎಡಿಟಿಂಗ್ ಮಾಡಿ ಸ್ವಲ್ಪ ಸಂಪಾದನೆಯೂ ಉಂಟು. ನಮ್ಮ ಮಂಗಳೂರಿನ ಏಪ್ರಿಲ್ ಸೆಕೆ ನಿಮಗೆ ಗೊತ್ತೇ ಇದೆ. ಮನುಷ್ಯರಿಗೇ ಉಸಿರು ಕಟ್ಟುತ್ತದೆ, ಇನ್ನು ಯಂತ್ರದ ಪಾಡೇನು? ಅವನ ಕಂಪ್ಯೂಟರ್ ಬಿಸಿಯಾಗಿ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತಿತ್ತು. ಫ್ಯಾನ್ ಸಾಲದಾಯಿತು. ಯಾರೋ ಬಳಸಿ ಬಿಟ್ಟ ವಾಟರ್ ಕೂಲಿಂಗ್ ಸಾಮಾನುಗಳನ್ನು ಕಡಿಮೆ ಬೆಲೆಗೆ ತಂದ.

ಅದರ ಕೆಲಸ ಬಹಳ ಸರಳ. ಪ್ರೊಸೆಸರಿನ ಮೇಲೆ ತಾಮ್ರದ ಒಂದು ಬ್ಲಾಕ್ ಕೂರುತ್ತದೆ. ಅದರೊಳಗೆ ಒಂದು ಮಿಲಿಮೀಟರಿಗಿಂತ ಸಣ್ಣ ಸಂದುಗಳು. ಪಂಪ್ ನೀರನ್ನು ಆ ಸಂದುಗಳಲ್ಲಿ ಹರಿಸುತ್ತದೆ, ನೀರು ಬಿಸಿಯನ್ನು ಹೊತ್ತುಕೊಂಡು ರೇಡಿಯೇಟರಿಗೆ ಹೋಗುತ್ತದೆ, ಅಲ್ಲಿ ಫ್ಯಾನಿನ ಗಾಳಿಗೆ ತಣಿದು ಮತ್ತೆ ತಿರುಗಿ ಬರುತ್ತದೆ. ನಮ್ಮ ಹಳೆಯ ಅಂಬಾಸಿಡರ್ ಕಾರಿನಲ್ಲಿ ಇದ್ದದ್ದೂ ಇದೇ ಉಪಾಯ.

ಅಂಬೇಡ್ಕರ್ ಜಯಂತಿಗೆ ನಾಲ್ಕು ದಿನ ಇತ್ತು. ಹುಡುಗನಿಗೆ ಉತ್ಸಾಹ. ಪೆಟ್ಟಿಗೆಯ ಒಂದು ಬದಿ ಗಾಜಿನದ್ದು, ಒಳಗಿನ ಕೊಳವೆಗಳು ಪಾರದರ್ಶಕ. "ಮಾವ, ನೀಲಿ ಬಣ್ಣ ಹಾಕುತ್ತೇನೆ. ಯಾರು ರೂಮಿಗೆ ಬಂದರೂ ಮೊದಲು ನಮ್ಮ ನೀಲಿಯೇ ಕಾಣಬೇಕು" ಎಂದ. ನನಗೂ ಸಂತೋಷವಾಯಿತು. ಹಾಕು ಎಂದೆ.

ಮರುದಿನ ಫೋನ್ ಮಾಡಿದ. ನೀರು ನೀಲಿಯಾಗಲಿಲ್ಲ. ಕಂದೂ ಅಲ್ಲದ, ನೇರಳೆಯೂ ಅಲ್ಲದ ಒಂದು ಕೊಳಕು ಬಣ್ಣ ಬಂದಿತ್ತು. ಮೊದಲಿನ ಮಾಲೀಕ ಕೆಂಪು ಬಣ್ಣ ಬಳಸಿದ್ದನಂತೆ. ಅದು ರೇಡಿಯೇಟರಿನ ಮೂಲೆಗಳಲ್ಲಿ, ಕೊಳವೆಯ ಗೋಡೆಗಳಲ್ಲಿ, ಬ್ಲಾಕಿನ ಸಂದುಗಳಲ್ಲಿ ಉಳಿದುಬಿಟ್ಟಿತ್ತು. ಹೊರಗಿನಿಂದ ನೋಡಿದರೆ ಎಲ್ಲ ಖಾಲಿ. ನೀರು ಹರಿದ ಮೇಲೆಯೇ ಒಳಗಿದ್ದದ್ದು ಹೊರಗೆ ಬಂತು. ಜೊತೆಗೆ ಗುಳುಗುಳು ಸದ್ದು ಬೇರೆ. ನೀರಿನಲ್ಲಿ ಗಾಳಿಗುಳ್ಳೆ ಸೇರಿ ಸುತ್ತುತ್ತಿತ್ತು, ಪಂಪ್ ನೀರಿನ ಬದಲು ಗಾಳಿ ನುಂಗುತ್ತಿತ್ತು.

ಹುಡುಗ ಎಲ್ಲ ಬಿಚ್ಚಿದ. ಡಿಸ್ಟಿಲ್ಡ್ ವಾಟರ್ ಹಾಕಿ ರೇಡಿಯೇಟರನ್ನು ಕುಲುಕಿ ಕುಲುಕಿ ಚೆಲ್ಲಿದ. ಒಂದು ಸಲ, ಎರಡು ಸಲ, ಆರು ಸಲ. ಬ್ಲಾಕಿನ ಸಂದುಗಳನ್ನು ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದ. ಕೊಳವೆಗಳ ಕಲೆ ಮಾತ್ರ ಹೋಗಲಿಲ್ಲ, ಹೊಸ ಕೊಳವೆ ತಂದ. ಮತ್ತೆ ಒಂದು ಪುಟ್ಟ ತೊಟ್ಟಿಯನ್ನೂ ಸೇರಿಸಿದ. ಅದಕ್ಕೆ ರಿಸರ್ವಾಯರ್ ಎನ್ನುತ್ತಾರೆ.

ಈ ತೊಟ್ಟಿಯ ವಿಷಯ ಕೇಳಿ. "ತೊಟ್ಟಿ ಇದ್ದರೆ ಹೆಚ್ಚು ತಣ್ಣಗಾಗುತ್ತದೋ?" ಎಂದು ಕೇಳಿದೆ. ಇಲ್ಲವಂತೆ. ನೀರು ಹೆಚ್ಚಿದ್ದರೆ ಬಿಸಿಯಾಗಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೆ. ತಣಿಸುವುದು ರೇಡಿಯೇಟರೇ. ಹಾಗಾದರೆ ತೊಟ್ಟಿ ಯಾಕೆ? ಓಡುವ ನೀರು ಅಲ್ಲಿ ಅಗಲ ಜಾಗಕ್ಕೆ ಬಂದು ನಿಧಾನವಾಗುತ್ತದೆ. ನಿಧಾನವಾದಾಗ ಗಾಳಿಗುಳ್ಳೆಗಳು ಮೇಲೇರಿ ನೀರನ್ನು ಬಿಟ್ಟು ಹೋಗುತ್ತವೆ. ಕೆಳಗಿರುವ ಪಂಪಿಗೆ ಯಾವಾಗಲೂ ನೀರೇ ಸಿಗುತ್ತದೆ. ತಿಂಗಳುಗಳಲ್ಲಿ ಸ್ವಲ್ಪ ನೀರು ಆವಿಯಾದರೂ ತೊಟ್ಟಿಯಲ್ಲಿದ್ದದ್ದು ಕಾಪಾಡುತ್ತದೆ. ನಮ್ಮ ಊರಿಗೆ ತುಂಬೆಯ ಕಿಂಡಿ ಅಣೆಕಟ್ಟು ಇದ್ದ ಹಾಗೆ. ನೇತ್ರಾವತಿ ತುಂಬಿ ಹರಿಯುವಾಗ ಅದರ ನೆನಪೇ ಇರುವುದಿಲ್ಲ. 2019ರ ಬೇಸಿಗೆಯಲ್ಲಿ ನಳ್ಳಿಗೆ ಸರದಿ ಬಂದಾಗ ಮಾತ್ರ ಎಲ್ಲರ ಬಾಯಲ್ಲೂ ತುಂಬೆಯ ನೀರಿನ ಮಟ್ಟವೇ.

ಮತ್ತೆ ಬಣ್ಣ? ಅದು ಒಂದು ಡಿಗ್ರಿಯನ್ನೂ ಇಳಿಸುವುದಿಲ್ಲ. ನೀರು ಎಷ್ಟಿದೆ, ಎಲ್ಲಿ ಸೋರುತ್ತಿದೆ ಎಂದು ಕಣ್ಣಿಗೆ ತೋರಿಸುತ್ತದೆ. ಅತಿಯಾದರೆ ಸಂದುಗಳಲ್ಲಿ ಕಟ್ಟಿಕೊಂಡು ಹರಿವನ್ನೇ ತಡೆಯುತ್ತದೆ.

ಬಂಧುಗಳೇ, ಇದನ್ನು ಕೇಳುತ್ತಿದ್ದಾಗ ನನಗೆ ಎರಡು ಸುತ್ತಗಳು ನೆನಪಾದವು.

ಒಂದು, ಅಂಗುತ್ತರ ನಿಕಾಯದ ಸಂಗಾರವ ಸುತ್ತ. ಬಹಳ ಕಾಲ ಬಾಯಿಪಾಠ ಮಾಡಿದ ಮಂತ್ರಗಳೂ ಒಮ್ಮೊಮ್ಮೆ ಯಾಕೆ ನೆನಪಿಗೆ ಬರುವುದಿಲ್ಲ ಎಂದು ಸಂಗಾರವನೆಂಬ ಬ್ರಾಹ್ಮಣ ಕೇಳುತ್ತಾನೆ. ಭಗವಾನರು ನೀರಿನ ಪಾತ್ರೆಯ ಉದಾಹರಣೆ ಕೊಡುತ್ತಾರೆ. ಬಣ್ಣ ಬೆರೆತ ನೀರಿನಲ್ಲಿ ಮುಖ ನೋಡಿಕೊಂಡರೆ ಇದ್ದ ಹಾಗೆ ಕಾಣುವುದಿಲ್ಲ. ಆಸೆ ತುಂಬಿದ ಮನಸ್ಸು ಹಾಗೆ. ಕುದಿಯುವ ನೀರು ದ್ವೇಷ. ಪಾಚಿ ಮುಚ್ಚಿದ ನೀರು ಜಡತೆ. ಗಾಳಿಗೆ ಅಲುಗುವ ನೀರು ಚಂಚಲತೆ. ಕತ್ತಲಲ್ಲಿಟ್ಟ ಕೆಸರು ನೀರು ಸಂಶಯ. ಇವೇ ಪಂಚ ನೀವರಣಗಳು. ಅಲ್ಲಿ ಹೇಳಿದ ಬಣ್ಣಗಳನ್ನು ಗಮನಿಸಿ: ಅರಗು, ಅರಿಶಿನ, ನೀಲಿ, ಮಂಜಿಷ್ಠ. ನೀಲಿಯೂ ಆ ಪಟ್ಟಿಯಲ್ಲಿದೆ.

ಹಾಗಾದರೆ ಬಣ್ಣವೇ ಬೇಡವೇ? ಅದಕ್ಕೆ ಉತ್ತರ ಎರಡನೆಯ ಸುತ್ತದಲ್ಲಿದೆ. ಮಜ್ಝಿಮ ನಿಕಾಯದ 7ನೆಯದು, ವತ್ಥೂಪಮ ಸುತ್ತ. ಕೊಳೆ ಬಟ್ಟೆಯನ್ನು ಬಣ್ಣಗಾರ ಯಾವ ಬಣ್ಣದಲ್ಲಿ ಅದ್ದಿದರೂ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ, ಶುಭ್ರ ಬಟ್ಟೆಯಾದರೆ ಚೆನ್ನಾಗಿ ಹಿಡಿಯುತ್ತದೆ. ಭಗವಾನರು ಬಣ್ಣಗಾರನನ್ನು ಬೈಯಲಿಲ್ಲ. ಮೊದಲು ತೊಳೆ ಎಂದರು.

ಈಗ ನಮ್ಮ ವಿಷಯಕ್ಕೆ ಬರೋಣ. ನೀರು, ಕೆರೆ, ತೊಟ್ಟಿ ಇವು ನಮಗೆ ಬರಿಯ ಉಪಮೆಗಳಲ್ಲ. ಮಹಾಡದ ಚವದಾರ ಕೆರೆಯನ್ನು ಅಲ್ಲಿನ ಪುರಸಭೆ 1924ರಲ್ಲೇ ಕಾಗದದ ಮೇಲೆ ಎಲ್ಲರಿಗೂ ತೆರೆದಿತ್ತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ನೀರು ಮುಟ್ಟಬೇಕಾಯಿತು. ಆಮೇಲೆ ಸವರ್ಣರು ಸಗಣಿ, ಗಂಜಲ, ಹಾಲು, ಮೊಸರಿನ 108 ಕೊಡಗಳಿಂದ ಆ ಕೆರೆಯನ್ನು "ಶುದ್ಧ" ಮಾಡಿದರು. ನ್ಯಾಯಾಲಯದ ಕೊನೆಯ ತೀರ್ಪು ನಮ್ಮ ಪರವಾಗಿ ಬರಲು 1937ರ ಮಾರ್ಚ್ ಆಯಿತು. ನಮ್ಮ ಕೈ ಮುಟ್ಟಿದ್ದರಿಂದ ಆ ನೀರಿನ ಬಣ್ಣ ಬದಲಾಗಿರಲಿಲ್ಲ. ಬಣ್ಣ ಇದ್ದದ್ದು ನೋಡುವವರ ಮನಸ್ಸಿನ ಪಾತ್ರೆಯಲ್ಲಿ.

ಇದನ್ನು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಕೈಚಪ್ಪಾಳೆಯೂ ಬಿದ್ದಿದೆ. ಈಗ ನನ್ನ ಪಾತ್ರೆಯ ಮಾತು ಹೇಳುತ್ತೇನೆ.

ಎರಡು ತಿಂಗಳ ಹಿಂದೆ ನಮ್ಮ ಭಾನುವಾರದ ಅಧ್ಯಯನಕ್ಕೆ ಹೊಸ ದಂಪತಿ ಬಂದರು. ಕೆಲಸಕ್ಕಾಗಿ ಬೇರೆ ಜಿಲ್ಲೆಯಿಂದ ಮಂಗಳೂರಿಗೆ ಬಂದವರು. ತ್ರಿಸರಣ, ಪಂಚಶೀಲ ನಮಗಿಂತ ಸ್ಪಷ್ಟವಾಗಿ ಹೇಳಿದರು. ಮುಗಿದ ಮೇಲೆ ಚಹಾ ಕೊಡುತ್ತಾ ನಾನು ಕೇಳಿದೆ, "ನೀವು ಯಾವ ಕಡೆಯವರು?" ಅವರು ಊರಿನ ಹೆಸರು ಹೇಳಿದರು. ನಾನು ಅಷ್ಟಕ್ಕೆ ಬಿಡಲಿಲ್ಲ. "ಅದಲ್ಲ, ನಮ್ಮಲ್ಲೇ ಯಾವ ಪೈಕಿ?" ಎಂದೆ. ಆ ತಾಯಿ ಲೋಟ ಕೆಳಗಿಟ್ಟರು. ಅವರು ಮೆಲ್ಲಗೆ ಹೇಳಿದರು. ನನ್ನ ಮುಖದಲ್ಲಿ ಏನು ಕಂಡಿತೋ ನನಗೆ ಗೊತ್ತಿಲ್ಲ, ಅವರಿಗೆ ಗೊತ್ತು. ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ.

ನನ್ನ ಮನೆಯ ಬಾಗಿಲಲ್ಲಿ ಪಂಚಶೀಲ ಧ್ವಜ ಉಂಟು. ಹೆಗಲ ಮೇಲೆ ನೀಲಿ ಶಾಲು ಉಂಟು. 22 ಪ್ರತಿಜ್ಞೆಗಳು ಬಾಯಿಪಾಠ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ ಆ ಪ್ರತಿಜ್ಞೆಗಳಲ್ಲಿ ಮನುಷ್ಯರ ಸಮಾನತೆಯದ್ದೂ ಇದೆ. ಆದರೆ ಕೊಳವೆಯ ಗೋಡೆಯಲ್ಲಿ ಹಳೆಯ ಬಣ್ಣ ಉಳಿದಿತ್ತು. ಜಾತಿ ಎಂದರೆ ಶ್ರೇಣೀಕೃತ ಅಸಮಾನತೆ ಎಂದು ಬಾಬಾಸಾಹೇಬರು ಹೇಳಿದ್ದು ಇದನ್ನೇ. ಮೇಲಿನವನ ತುಳಿತಕ್ಕೆ ಅಳುವವನಿಗೂ ಕೆಳಗೆ ನೋಡಲು ಒಬ್ಬನನ್ನು ಅದು ಕೊಟ್ಟಿರುತ್ತದೆ. ಆ ಬಣ್ಣದ ಮೇಲೆ ನಾನು ನೀಲಿ ಸುರಿದಿದ್ದೆ. ಬಂದದ್ದು ನೀಲಿಯಲ್ಲ.

ಹುಡುಗ ರೇಡಿಯೇಟರ್ ತೊಳೆಯುವುದನ್ನು ನೋಡಿದ ಸಂಜೆಯೇ ಆ ದಂಪತಿಯ ಮನೆಗೆ ಹೋದೆ. ತಪ್ಪಾಯಿತು ಎಂದೆ. ಆ ಅಣ್ಣ ಸಿಟ್ಟು ಮಾಡಲಿಲ್ಲ. "ಊರಲ್ಲಿ ಬೇರೆಯವರು ಆ ಪ್ರಶ್ನೆ ಕೇಳುತ್ತಿದ್ದರು. ಬಾಬಾಸಾಹೇಬರ ಫೋಟೊದ ಕೆಳಗೆ ನಿಂತು ಕೇಳಿದ್ದು ಮೊದಲ ಸಲ" ಎಂದರು, ಅಷ್ಟೆ. ಚಹಾ ಕೊಟ್ಟರು, ಕುಡಿದೆ. ಅವರು ಮತ್ತೆ ಬರುತ್ತಾರೋ ಇಲ್ಲವೋ ಅವರಿಗೆ ಬಿಟ್ಟದ್ದು. ತೊಳೆಯುವುದು ನನಗೆ ಬಿಟ್ಟದ್ದು. ಒಂದು ಸಲ ತೊಳೆದರೆ ಹೋಗುವುದಿಲ್ಲ ಎಂದು ಈಗ ಗೊತ್ತು. ಕೆಲವು ಕೊಳವೆಗಳನ್ನು ಬದಲಿಸಿಯೇ ಬಿಡಬೇಕು. ಆ ಒಂದು ಪ್ರಶ್ನೆಯನ್ನು ನನ್ನ ಬಾಯಿಂದ ತೆಗೆದುಹಾಕಿದ್ದೇನೆ.

ಇವತ್ತಿನ ಅಭ್ಯಾಸಕ್ಕೆ ಮೂರು ಮಾತು.

ಒಂದು: ದಿನಕ್ಕೆ ಹತ್ತು ನಿಮಿಷದ ತೊಟ್ಟಿ ಇಟ್ಟುಕೊಳ್ಳಿ. ಸುಮ್ಮನೆ ಕುಳಿತು ಉಸಿರನ್ನು ಗಮನಿಸಿ. ಓಡುವ ಮನಸ್ಸಿನಲ್ಲಿ ಗುಳ್ಳೆಗಳು ಕಾಣುವುದಿಲ್ಲ, ನಿಧಾನವಾದಾಗ ಮೇಲೆ ಬರುತ್ತವೆ. ಬಂದದ್ದನ್ನು ನೋಡಿ, ಹೋಗಲು ಬಿಡಿ.

ಎರಡು: ತೊಟ್ಟಿಯೇ ತಣಿಸುತ್ತದೆ ಎಂದು ತಿಳಿಯಬೇಡಿ. ಧ್ಯಾನ ಮಾಡಿ ಎದ್ದು ಅದೇ ಪ್ರಶ್ನೆ ಕೇಳಿದರೆ ಪ್ರಯೋಜನವಿಲ್ಲ. ಬಿಸಿ ಹೊರಗೆ ಹೋಗುವುದು ಇನ್ನೊಬ್ಬರ ಮುಂದೆ, ನಮ್ಮ ಮಾತಿನಲ್ಲಿ, ನಡತೆಯಲ್ಲಿ, ಮಕ್ಕಳ ಮದುವೆಯ ಮಾತುಕತೆಯಲ್ಲಿ.

ಮೂರು: ನೀಲಿಯನ್ನು ಬಿಡಬೇಡಿ. ಕೆಲಸದ ಜಾಗದಲ್ಲಿ ಹೆಸರು ಅಡಗಿಸಿ ಬದುಕುವ ನಮ್ಮ ಮಕ್ಕಳಿಗೆ ಆ ಬಣ್ಣ ಧೈರ್ಯ ಕೊಡುತ್ತದೆ. ಆದರೆ ಬಣ್ಣದ ನಿಜವಾದ ಉಪಯೋಗ ಸೋರಿಕೆಯನ್ನು ತೋರಿಸುವುದು. ನಾವು ಎಷ್ಟು ಗಾಢವಾಗಿ ನೀಲಿಯೋ, ನಮ್ಮ ಸೋರಿಕೆ ಅಷ್ಟು ದೂರದಿಂದ ಕಾಣುತ್ತದೆ.

ಹುಡುಗ ಒಂದು ವಾರ ಬರಿಯ ನೀರನ್ನೇ ಓಡಿಸಿದ. ಜಯಂತಿ ದಿನ ಅವನ ಪೆಟ್ಟಿಗೆಯಲ್ಲಿ ಬಣ್ಣವಿರಲಿಲ್ಲ. ಕೇಳಿದವರಿಗೆ "ಇನ್ನೂ ತೊಳೀತಾ ಇದ್ದೇನೆ" ಎನ್ನುತ್ತಿದ್ದ. ನಿನ್ನೆ ಫೋಟೊ ಕಳುಹಿಸಿದ್ದಾನೆ. ನಾಲ್ಕೇ ಹನಿ ಹಾಕಿದ್ದಾನಂತೆ. ತಿಳಿ ನೀಲಿ. ಹಿಂದಿನ ಗೋಡೆ ಅದರ ಮೂಲಕ ಸ್ಪಷ್ಟವಾಗಿ ಕಾಣುತ್ತಿದೆ.

ಈ ಸಂದೇಶವನ್ನು ಬೇರೆ ಬಳಗಕ್ಕೆ ಕಳುಹಿಸುವ ಮೊದಲು, ನಮ್ಮ ಬಾಯಲ್ಲಿ ಆ ಪ್ರಶ್ನೆ ಇನ್ನೂ ಇದೆಯೇ ಎಂದು ಒಮ್ಮೆ ನೋಡಿಕೊಳ್ಳೋಣ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.

ಜೈಭೀಮ್. ನಮೋ ಬುದ್ಧಾಯ.